ಅಣ್ಣ ಕೊಟ್ಟ ಎರಡು ಸೂಜಿಗಲ್ಲು

ಯುದ್ಧದ ಕಾಲದಲ್ಲಿ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಂದು ಒಲೆ ಕಟ್ಟಿ, ಇದ್ದಿಲು ತುಂಬಿ, ಬೆಳಗ್ಗೆಯಿಂದ ಗಾಳಿ ಹಾಕಿದರೆ ಹೊತ್ತೇರುವಷ್ಟರಲ್ಲಿ ಅದು ಹೊರಡುವ ಮನಸ್ಸು ಮಾಡುತ್ತಿತ್ತು. ನನ್ನ ಅಣ್ಣ ಚನ್ನಗಿರಿಯಲ್ಲಿ ಮೋಟಾರು ಮೇಸ್ತ್ರಿಯಾಗಿದ್ದ. ಈ ಒಲೆಗಳನ್ನು ಕೂರಿಸಿ ಕೊಡುವುದು ಅವನ ಕೆಲಸ. ಇನ್ನು ಓಡುವುದೇ ಇಲ್ಲ ಎಂದು ತೀರ್ಮಾನವಾದ ಹಳೆಯ ಬಸ್ಸುಗಳೂ ಅವನ ಷೆಡ್ಡಿಗೇ ಬಂದು ಬೀಳುತ್ತಿದ್ದವು. ಅಂಥ ಒಂದು ಬಸ್ಸಿನಲ್ಲಿ, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಎಂಬ ಪೆಟ್ಟಿಗೆಯನ್ನು ಬಿಚ್ಚಿದಾಗ ಅವನಿಗೆ ಎರಡು ದೊಡ್ಡ ಅಯಸ್ಕಾಂತಗಳು ಸಿಕ್ಕವು. ಲಾಳದ ಆಕಾರ, ಒಂದು ಗೇಣು ಉದ್ದ, ಎರಡು ಬೆರಳು ಅಗಲ.

ನಾನು ಆಗ ಹೊನ್ನಾಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಹಾಗೆ ಕರೆಯುತ್ತಾರೆ. ನನಗೆ ಇಪ್ಪತ್ತು ವರ್ಷ. ರಜೆಗೆಂದು ಚನ್ನಗಿರಿಗೆ ಬಂದು, ಹೊರಡುವ ದಿನ ಅಣ್ಣನಿಗೆ ಹೇಳಿ ಹೋಗಲು ಷೆಡ್ಡಿಗೆ ಹೋದೆ. ಒಂದಕ್ಕೊಂದು ಅಂಟಿಕೊಂಡಿದ್ದ ಆ ಎರಡು ಅಯಸ್ಕಾಂತಗಳನ್ನು ಅವನು ಕೈಗೆತ್ತಿಕೊಂಡು, ಮಾತಾಡುತ್ತಲೇ ಬೇರೆ ಮಾಡಿ, ಒಂದೊಂದನ್ನೂ ಬೇರೆ ಬೇರೆ ಗೋಣಿತುಂಡಿನಲ್ಲಿ ಸುತ್ತಿ ನನ್ನ ಚೀಲದ ಎರಡು ತುದಿಗೆ ಇಟ್ಟ.

“ನಿನ್ ಹುಡುಗೀರಿಗೆ ತೋರ್ಸಾಕೆ ಆಗ್ತೈತೆ, ತಗಂಡ್ ಹೋಗು,” ಎಂದ.

ಆಮೇಲೆ ಇನ್ನೂ ಏನೋ ಹೇಳಿದ. ಅದೇ ಹೊತ್ತಿಗೆ ಪಕ್ಕದ ಬಸ್ಸು ಕೆಮ್ಮಲು ಶುರುಮಾಡಿತು. ನಾನು ತಲೆಯಾಡಿಸಿದೆ. ನನಗೆ ಕೇಳಿಸಿದೆ ಎಂದು ಅವನು ತಿಳಿದುಕೊಂಡ.

ಬಸವಾಪಟ್ಟಣದವರೆಗೆ ಚೀಲ ನೆಟ್ಟಗಿತ್ತು. ಸಾಸ್ವೆಹಳ್ಳಿ ದಾಟುವಾಗ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಚೀಲದೊಳಗೆ ಟಕ್ ಎಂದಿತು. ಹೊನ್ನಾಳಿಯಲ್ಲಿ ಬಿಚ್ಚಿ ನೋಡಿದರೆ ಎರಡೂ ಸೇರಿ ಒಂದಾಗಿದ್ದವು, ನಡುವೆ ಗೋಣಿಯ ಒಂದು ಎಳೆ ಮಾತ್ರ ಸಿಕ್ಕಿಕೊಂಡಿತ್ತು.

ನಾನು ಎಳೆದೆ. ಬರಲಿಲ್ಲ. ಅಣ್ಣ ಮಾತಾಡುತ್ತಾ ಬಿಡಿಸಿದ್ದನ್ನು ಕಣ್ಣಾರೆ ನೋಡಿದ್ದೆ, ಆದ್ದರಿಂದ ನನ್ನ ಶಕ್ತಿಯೇ ಸಾಲದು ಎಂದುಕೊಂಡೆ. ನಾನು ಬಾಡಿಗೆಗಿದ್ದ ಮನೆಯಲ್ಲಿ ಯಜಮಾನಿಯೊಬ್ಬರೇ ಇದ್ದರು. ಅರವತ್ತು ದಾಟಿದವರು, ಗಟ್ಟಿ ಮುದುಕಿ, ನಾನು ಅಜ್ಜಿ ಎನ್ನುತ್ತಿದ್ದೆ. ಅವರನ್ನು ಕರೆದೆ. ಒಂದನ್ನು ಅವರು ಹಿಡಿದರು, ಇನ್ನೊಂದನ್ನು ನಾನು ಹಿಡಿದೆ. ಪಡಸಾಲೆಯಲ್ಲಿ ಎದುರುಬದುರು ಕೂತು, ಒಬ್ಬರ ಪಾದಕ್ಕೆ ಒಬ್ಬರು ಪಾದ ಕೊಟ್ಟು ಎಳೆದೆವು. ಅಜ್ಜಿಯ ಕೈ ಜಾರಿತು. ಹಿಂದೆ ಮೊರದಲ್ಲಿ ಹಸನು ಮಾಡಿಟ್ಟಿದ್ದ ಜೋಳದ ಮೇಲೆ ಕೂತರು.

“ಇದು ಸೂಜಿಗಲ್ಲಲ್ಲವ್ವ,” ಎಂದರು, ಅಲ್ಲಿಂದಲೇ. “ಯಾವುದೋ ಪೀಡೆ. ಬಸ್ಸಿನಾಗೆ ಸತ್ತೋರು ಯಾರಾದ್ರೂ ಅದಾರಾ ಕೇಳು.”

ಅಂದು ಸಂಜೆಯಿಂದ ಅಯಸ್ಕಾಂತಗಳು ಹೊಸಿಲ ಹೊರಗೆ ಇರಬೇಕು ಎಂದಾಯಿತು. ಮೂರು ದಿನ ನಾವಿಬ್ಬರೂ ಬಿಡುವಾದಾಗಲೆಲ್ಲ ಹೊರಗೆ ಹೋಗಿ ಎಳೆದು ಬರುತ್ತಿದ್ದೆವು. ನಾಲ್ಕನೆಯ ದಿನ, ಚನ್ನಗಿರಿಗೆ ಹೋಗುವ ಬಸ್ಸಿನ ಡ್ರೈವರಿಗೆ ಹೇಳಿಕಳಿಸಿದೆ: ಎರಡೂ ಅಂಟಿಕೊಂಡಿವೆ, ಏನು ಮಾಡಲಿ ಎಂದು ಮೇಸ್ತ್ರಿಯನ್ನು ಕೇಳಿ ಬನ್ನಿ. ಮಾರನೆಯ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಡ್ರೈವರು ಸೀಟಿನಿಂದ ಇಳಿಯದೆ, ಬಸ್ಸಿನ ಜನವೆಲ್ಲ ಕೇಳುವಂತೆ ಹೇಳಿದ:

“ಅಕ್ಕೋರೆ, ನಿಮ್ಮಣ್ಣಾರು ಹೇಳಿ ಕಳ್ಸ್ಯಾರೆ. ಎಳೀಬ್ಯಾಡ, ಜರುಗ್ಸು ಅಂತ. ಹೋಗಾಗ್ಲೇ ಹೇಳಿದ್ನಲ್ಲ ಅಂದ್ರು. ಏನನ್ನ ಜರುಗ್ಸಬೇಕೋ ನಂಗೊತ್ತಿಲ್ಲ.”

ಮನೆಗೆ ಬಂದು ಒಂದನ್ನು ಮೆಟ್ಟಿಲ ಕಲ್ಲಿಗೆ ಒತ್ತಿ ಹಿಡಿದು, ಇನ್ನೊಂದನ್ನು ಅಂಗೈಯಿಂದ ಪಕ್ಕಕ್ಕೆ ತಳ್ಳಿದೆ. ಪೆಟ್ಟಿಗೆಯ ಮುಚ್ಚಳ ಸರಿದ ಹಾಗೆ ಸರಿಯಿತು. ಅರ್ಧ ಸರಿದ ಮೇಲೆ ಹಿಡಿತ ಸಡಿಲವಾಗಿ ತಾನಾಗಿಯೇ ಕೈಗೆ ಬಂತು. ನೇರವಾಗಿ ಎಳೆದರೆ ಅದರ ಪೂರ್ತಿ ಶಕ್ತಿಯ ಮೇಲೆ ಒಮ್ಮೆಗೇ ಜಗಳಕ್ಕೆ ಹೋದಂತೆ. ಪಕ್ಕಕ್ಕೆ ಜರುಗಿಸಿದರೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಪುಸ್ತಕದಲ್ಲಿ ಇದಿರಲಿಲ್ಲ. ಅಜ್ಜಿ ನೋಡಿ, “ಇಷ್ಟೇನಾ?” ಎಂದರು. ಅವರಿಗೆ ಬೇಸರವಾಗಿತ್ತು. ಪೀಡೆಯ ವಿಷಯ ಆಗಲೇ ಇಡೀ ಬೀದಿಗೆ ಹೇಳಿಯಾಗಿತ್ತು.

ಅದಾದ ಹದಿನೈದು ದಿನಕ್ಕೆ ಇನ್‌ಸ್ಪೆಕ್ಟರು ಬಂದರು. ಎರಡು ದಿನ ಮೊದಲು ಅವರು ನ್ಯಾಮತಿಯ ಶಾಲೆ ನೋಡಿದ್ದರು. ಅಲ್ಲಿ ಭೂಗೋಳದ ನಕ್ಷೆಗಳನ್ನೇ ಕೇಳಿದರು ಎಂದು ಸುದ್ದಿ ಬಂದಿತ್ತು. ನಮ್ಮ ಹೆಡ್‌ಮಿಸ್ಟ್ರೆಸ್, ಮಕ್ಕಳ ಬಾಯಲ್ಲಿ ದೊಡ್ಡಕ್ಕೋರು, ಶಾಲೆಯ ಗೋಡೆಗಳಿಗೆಲ್ಲ ನಕ್ಷೆ ತೂಗುಹಾಕಿಸಿದರು. ಇನ್‌ಸ್ಪೆಕ್ಟರು ಹೊರಡುವಾಗ ಮಕ್ಕಳು ಒಬ್ಬೊಬ್ಬರಾಗಿ ಎದುರು ನಿಂತು “ನಮಸ್ಕಾರ ಸಾರ್” ಎನ್ನಬೇಕೆಂದು ಒಂದು ವಾರ ಅಭ್ಯಾಸ ಮಾಡಿಸಿದರು. ಇನ್‌ಸ್ಪೆಕ್ಟರು ಬಂದು ಕೂತು, ನಕ್ಷೆಗಳ ಕಡೆ ನೋಡದೆ, “ವಿಜ್ಞಾನದ ಪಾಠ ಒಂದು ನಡೆಸಿ,” ಎಂದರು.

ನಾನು ನನ್ನ ತರಗತಿಯ ಹುಡುಗಿಯರನ್ನು ಅಂಗಳದ ಹೊಂಗೆ ಮರದ ಕೆಳಗೆ ಕೂರಿಸಿದೆ. ಒಳಗೆ ಕತ್ತಲೆ. ಒಂದು ಅಯಸ್ಕಾಂತವನ್ನು ಮಾತ್ರ ತಂದಿದ್ದೆ. ಮೊಳೆ ತೋರಿಸಿದೆ, ಹಿಡಿಯಿತು. ಹಿತ್ತಾಳೆಯ ಲೋಟ ತೋರಿಸಿದೆ, ಹಿಡಿಯಲಿಲ್ಲ. ಇನ್‌ಸ್ಪೆಕ್ಟರು ಎದ್ದು ಬಂದರು. ದೊಡ್ಡ ಆಳು, ಕರಿ ಕೋಟು, ಕೊರಳಲ್ಲಿ ತೆಳ್ಳನೆಯ ಜರಿ ಶಲ್ಯ.

“ಎಲ್ಲಿ, ಕೊಡಿ ಇಲ್ಲಿ,” ಎಂದು ಅಯಸ್ಕಾಂತವನ್ನು ತೆಗೆದುಕೊಂಡರು. “ಮೊಳೆಯಂಥ ಸಣ್ಣ ವಸ್ತು ತೋರಿಸಿದರೆ ಮಕ್ಕಳಿಗೆ ಏನು ತಿಳಿಯುತ್ತದೆ? ದೊಡ್ಡದನ್ನು ತೋರಿಸಬೇಕು.”

ಸುತ್ತ ನೋಡಿದರು. ನಮ್ಮ ಶಾಲೆಯ ಗಂಟೆ ಎಂದರೆ ರೈಲು ಹಳಿಯ ಒಂದು ಮೊಳದ ತುಂಡು. ಅದೇ ಹೊಂಗೆಯ ಕೊಂಬೆಗೆ ಸರಪಳಿಯಲ್ಲಿ ತೂಗುತ್ತಿತ್ತು. ಇನ್‌ಸ್ಪೆಕ್ಟರು ಅದರ ಹತ್ತಿರ ಹೋಗಿ ಅಯಸ್ಕಾಂತವನ್ನು ಚಾಚಿದರು. ಚಾಚುವಷ್ಟರಲ್ಲಿ ಅದು ಅವರ ಕೈಯಿಂದ ಹಾರಿ ಹಳಿಗೆ ಕೂತಿತು. ಶಲ್ಯದ ಒಂದು ತುದಿ ನಡುವೆ ಸಿಕ್ಕಿಕೊಂಡಿತು.

“ನೋಡಿದಿರಾ,” ಎಂದರು ಮಕ್ಕಳಿಗೆ. ಆಮೇಲೆ ಎಳೆದರು.

ಹಳಿ ಅವರ ಕಡೆಗೆ ಬಂತು. ಬಿಟ್ಟರು. ಹಳಿ ಹಿಂದಕ್ಕೆ ಹೋಯಿತು, ಅದರ ಜತೆಗೆ ಶಲ್ಯ ಹೋಯಿತು, ಶಲ್ಯದ ಜತೆಗೆ ಅವರೂ ಒಂದು ಹೆಜ್ಜೆ ಹೋದರು. ಶಲ್ಯವನ್ನು ಕೊರಳಿಂದ ತೆಗೆದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಹೆಣ್ಣುಮಕ್ಕಳ ಶಾಲೆಯಲ್ಲಿ, ತಪಾಸಣೆಯ ದಿನ, ಶಲ್ಯ ತೆಗೆದು ಮರಕ್ಕೆ ಬಿಟ್ಟು ನಿಲ್ಲುವುದು ಅವರಿಗೆ ಸರಿಕಾಣಲಿಲ್ಲ ಎಂದು ತೋರುತ್ತದೆ. ಇನ್ನೊಮ್ಮೆ ಎಳೆದರು.

“ಸಾರ್, ಅದನ್ನು ಎಳೆಯಬಾರದು,” ಎಂದೆ ನಾನು.

ದೊಡ್ಡಕ್ಕೋರು ನನ್ನ ಮೊಣಕೈ ಹಿಡಿದರು. “ಸಾಹೇಬರು ಮಾಡ್ತಾ ಇರುವಾಗ ನಡುವೆ ಮಾತಾಡಬಾರದು,” ಎಂದರು, ಪಿಸುಮಾತಿನಲ್ಲಿ.

ದೊಡ್ಡಕ್ಕೋರು ಹಳಿಯನ್ನು ಅಪ್ಪಿ ಹಿಡಿದುಕೊಂಡರು, ಇನ್‌ಸ್ಪೆಕ್ಟರು ಎಳೆದರು. ಆಗಲಿಲ್ಲ. ಜವಾನನನ್ನು ಕರೆದರು. ಅವನು ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಅವನೂ ಎಳೆದು ನೋಡಿದ. ಮತ್ತೆ ನಾನು ಬಾಯಿ ತೆರೆದೆ, ದೊಡ್ಡಕ್ಕೋರು ಹಳಿಯನ್ನು ಅಪ್ಪಿಕೊಂಡೇ ನನ್ನ ಕಡೆ ನೋಡಿದರು. ಜವಾನ ಸ್ವಲ್ಪ ಯೋಚಿಸಿ, ಒಳಗೆ ಹೋಗಿ ಗಂಟೆ ಹೊಡೆಯುವ ಸುತ್ತಿಗೆ ತಂದ.

“ಹೊಡುದ್ರೆ ಅದುರ್ತೈತ್ರಿ. ಅದುರಿದ್ರೆ ಬಿಡ್ತೈತೆ,” ಎಂದ.

ಎಲ್ಲರೂ ಸರಿದು ನಿಂತರು, ಇನ್‌ಸ್ಪೆಕ್ಟರು ಮಾತ್ರ ಶಲ್ಯ ಎಟುಕುವಷ್ಟು ದೂರಕ್ಕೆ. ಜವಾನ ಹೊಡೆದ. ಬಿಡಲಿಲ್ಲ. ಮತ್ತೆ ಹೊಡೆದ. ಬಿಡದಿದ್ದರಿಂದ ನಿಲ್ಲಿಸದೆ ಹೊಡೆದ.

ನಮ್ಮ ಶಾಲೆಯಲ್ಲಿ ಮೂರು ಹೊಡೆತಕ್ಕೆ ಪಾಠ ಬದಲು, ನಿಲ್ಲಿಸದೆ ಹೊಡೆದರೆ ಶಾಲೆ ಬಿಟ್ಟ ಹಾಗೆ. ಒಳಗಿನ ತರಗತಿಗಳ ಹುಡುಗಿಯರು ಸ್ಲೇಟು ಚೀಲಕ್ಕೆ ಹಾಕಿಕೊಂಡು ಎದ್ದರು. ದೊಡ್ಡಕ್ಕೋರು ಕೂಗಿದರು; ಗಂಟೆಯ ಸದ್ದಿನಲ್ಲಿ ಅವರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಹುಡುಗಿಯರು ಸಾಲಾಗಿ ಹೊರಗೆ ಬಂದರು. ಇನ್‌ಸ್ಪೆಕ್ಟರು ಅಂಗಳದಲ್ಲೇ ಇದ್ದರು. ಒಂದು ವಾರ ಕಲಿಸಿದ ಹಾಗೆ ಒಬ್ಬೊಬ್ಬಳೂ ಅವರ ಎದುರು ನಿಂತು “ನಮಸ್ಕಾರ ಸಾರ್” ಎಂದು ಕೈಮುಗಿದು ಹೋದಳು. ಇನ್‌ಸ್ಪೆಕ್ಟರು ಒಂದು ಕೈಯಲ್ಲಿ ಶಲ್ಯ ಹಿಡಿದುಕೊಂಡು ಇನ್ನೊಂದು ಕೈಯನ್ನು ಹಣೆಗೆ ಮುಟ್ಟಿಸುತ್ತಾ ಹೋದರು. ಮೊದಲಿನ ಹತ್ತು ಹನ್ನೆರಡು ಮಕ್ಕಳಿಗೆ ಮುಟ್ಟಿಸಿದರು, ಆಮೇಲೆ ಬಿಟ್ಟರು. ಮರದ ಕೆಳಗೆ ಕೂತಿದ್ದ ನನ್ನ ತರಗತಿಯವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ನಂತರ ಅವರೂ ಎದ್ದು ಸಾಲಿನ ಕೊನೆಗೆ ಸೇರಿಕೊಂಡರು. ಅಷ್ಟು ಶಿಸ್ತಿನಿಂದ ನಮ್ಮ ಶಾಲೆ ಎಂದೂ ಬಿಟ್ಟಿರಲಿಲ್ಲ.

ಜವಾನನಿಗೆ ತೋಳು ಸೋತು ಸುತ್ತಿಗೆ ಇಳಿಸಿದಾಗ ಅಂಗಳದಲ್ಲಿ ನಾವು ನಾಲ್ವರೇ ಉಳಿದಿದ್ದೆವು.

ದೊಡ್ಡಕ್ಕೋರು ನನ್ನ ಕಡೆ ತಿರುಗಿ, “ಏನೋ ಹೇಳ್ತಾ ಇದ್ದಿರಲ್ಲ,” ಎಂದರು.

ನಾನು ಹಳಿಯನ್ನು ಎಡಗೈಯಿಂದ ಹಿಡಿದು, ಬಲಗೈಯಿಂದ ಅಯಸ್ಕಾಂತವನ್ನು ಅಂಚಿನ ಕಡೆಗೆ ಜರುಗಿಸಿದೆ. ಅಂಚು ದಾಟಿತು, ಬಂತು. ಶಲ್ಯ ಕೆಳಗೆ ಬಿತ್ತು. ಇನ್‌ಸ್ಪೆಕ್ಟರು ಅದನ್ನು ಎತ್ತಿಕೊಂಡು ತುದಿಯಲ್ಲಿದ್ದ ಕಪ್ಪು ಕಲೆ ನೋಡಿದರು.

“ಇದು ನಿಮಗೆ ಮೊದಲೇ ಗೊತ್ತಿತ್ತೇ?”

“ಗೊತ್ತಿತ್ತು ಸಾರ್.”

“ಮತ್ತೇಕೆ ಹೇಳಲಿಲ್ಲ?”

ನಾನು ದೊಡ್ಡಕ್ಕೋರ ಕಡೆ ನೋಡಿದೆ. ಅವರು ಹೊಂಗೆ ಮರದ ಕಡೆ ನೋಡುತ್ತಿದ್ದರು. “ತಪ್ಪಾಯಿತು ಸಾರ್,” ಎಂದೆ.

ಮಕ್ಕಳ ತಲೆ ಎಣಿಸುವುದು ಇನ್ನೂ ಬಾಕಿ ಇತ್ತು. ವರದಿಯಲ್ಲಿ ಇನ್‌ಸ್ಪೆಕ್ಟರು “ಹಾಜರಿದ್ದ ಮಕ್ಕಳು: ಇಲ್ಲ” ಎಂದು ಬರೆದರು. ನನ್ನ ಹೆಸರಿನ ಎದುರಿಗೆ, “ವಿಷಯ ತಿಳಿದಿದೆ. ತಿಳಿದದ್ದನ್ನು ಹೇಳುವ ಅಭ್ಯಾಸ ಸಾಲದು,” ಎಂದಿತ್ತು. ಮೊದಲನೆಯದನ್ನು ಓದಿ ಮನೆಯಲ್ಲಿ ಅಜ್ಜಿಯೂ ನಾನೂ ನಕ್ಕೆವು. ಎರಡನೆಯದು ನಿಜವಾಗಿದ್ದರಿಂದ ಉರಿಯಿತು. ದೊಡ್ಡಕ್ಕೋರ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ವಾರ ಪ್ರಯತ್ನಪಟ್ಟೆ. ಅವರು ಹಿಡಿದದ್ದು ನನ್ನ ಮೊಣಕೈಯನ್ನು, ಬಾಯನ್ನಲ್ಲ ಎಂಬುದು ನೆನಪಾಗಿ ಆ ಸಿಟ್ಟು ನಿಲ್ಲುತ್ತಿರಲಿಲ್ಲ.

ಎರಡು ತಿಂಗಳಿಗೆ ನನ್ನನ್ನು ಜಗಳೂರಿಗೆ ವರ್ಗ ಮಾಡಿದರು. ಹೊರಡುವ ಮುಂಚೆ ಚನ್ನಗಿರಿಗೆ ಹೋದಾಗ ಅಣ್ಣ ಅಯಸ್ಕಾಂತವನ್ನು ನೋಡಿ, “ಸುತ್ತಿಗೇಲಿ ಹೊಡುದ್ರಾ? ಹೊಡುದ್ರೆ ಶಕ್ತಿ ಹೋಗ್ತೈತೆ. ಹಳೀಗೆ ಬಿದ್ದ ಏಟು ಇದಕ್ಕೂ ತಾಗೈತೆ,” ಎಂದ. ಪೆಟ್ಟು ತಿಂದದ್ದು ಸ್ವಲ್ಪ ಸೊರಗಿತ್ತು. ಇನ್ನೊಂದು ಚೆನ್ನಾಗಿತ್ತು. ಎರಡನ್ನೂ ತೆಗೆದುಕೊಂಡು ಹೋದೆ.

ಜಗಳೂರು ಒಣ ಸೀಮೆ. ಬೆಳಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಕುರಿ ಹಿಂಡು ಎದುರಾದರೆ ಅದು ಮುಗಿಯುವವರೆಗೆ ನಿಲ್ಲಬೇಕು. ಅಲ್ಲಿಯೂ ಅಯಸ್ಕಾಂತದ ಪಾಠ ಮಾಡಿದೆ. ಈ ಸಲ ಪಾಠ ಶುರುವಾಗುವ ಮೊದಲೇ, “ಎಳೆಯಬಾರದು, ಜರುಗಿಸಬೇಕು,” ಎಂದು ಮಕ್ಕಳ ಬಾಯಲ್ಲಿ ಮೂರು ಸಲ ಹೇಳಿಸಿದೆ. ಅವರು ಮನೆಗೆ ಹೋಗಿ ಅದನ್ನೇ ಹೇಳಿದರು.

ಒಂದು ಮಧ್ಯಾಹ್ನ ಊರ ಆಸ್ಪತ್ರೆಯ ಕಾಂಪೌಂಡರು ಶಾಲೆಗೆ ಬಂದರು. ಮೂವತ್ತರ ಒಳಗಿನವರು, ಬೆವೆತಿದ್ದರು. ಅವರ ಅಕ್ಕನ ಮಗಳು ನನ್ನ ತರಗತಿಯಲ್ಲಿದ್ದಳು.

“ಅಕ್ಕೋರೆ, ನಿಮ್ಮತ್ರ ದೊಡ್ಡ ಸೂಜಿಗಲ್ಲು ಐತಂತೆ. ಕೊಡ್ತೀರಾ?”

“ಏತಕ್ಕೆ?”

“ಒಬ್ಬರ ಕಣ್ಣಾಗೆ ಕಬ್ಬಿಣದ ಚೂರು ಬಿದ್ದೈತ್ರಿ. ಡಾಕ್ಟ್ರು ಹಳ್ಳಿ ಕಡೆ ಹೋಗ್ಯಾರೆ, ಬರಾದು ನಾಳೇನೇ. ನೀರು ಹಾಕ್ದೆ, ಹತ್ತಿಲಿ ಒರಸಿದೆ, ಬರ್ಲಿಲ್ಲ.”

ಅಯಸ್ಕಾಂತವನ್ನು ಒಬ್ಬರ ಕೈಗೆ ಕೊಟ್ಟು ಸುಮ್ಮನೆ ನಿಲ್ಲುವುದು ಒಮ್ಮೆ ಆಗಿತ್ತು. ಕೊಡುವುದಿಲ್ಲ, ನಾನೇ ತರುತ್ತೇನೆ ಎಂದೆ. ಚೆನ್ನಾಗಿದ್ದದ್ದನ್ನು ತೆಗೆದುಕೊಂಡು ಅವರ ಹಿಂದೆ ಹೋದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವನು ಬೀಸುವ ಕಲ್ಲು ಕುಟ್ಟುವವನು. ಬೀಸಿ ಬೀಸಿ ನುಣುಪಾದ ಕಲ್ಲಿಗೆ ಉಳಿ ಹೊಡೆದು ಮತ್ತೆ ತರಕಲು ಮಾಡಿಕೊಡುತ್ತಾ ಊರೂರು ತಿರುಗುವ ಕೆಲಸ. ನಲವತ್ತರ ಮನುಷ್ಯ. ಉಳಿಯ ತುದಿ ಸಿಡಿದು ಎಡಗಣ್ಣಿಗೆ ಬಿದ್ದಿತ್ತು. ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ಪಕ್ಕದಲ್ಲಿ ಹೆಂಡತಿ ಅವನ ಉಳಿ ಸುತ್ತಿಗೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಕಾಂಪೌಂಡರು ರೆಪ್ಪೆ ಬಿಡಿಸಿ ತೋರಿಸಿದರು. ಬಿಳಿಯ ಭಾಗದಲ್ಲಿ, ಕರಿಗುಡ್ಡೆಗೆ ತೀರ ಹತ್ತಿರ, ರಾಗಿ ಕಾಳಿನ ಕಾಲು ಭಾಗದಷ್ಟು ಕಪ್ಪು ಚೂರು ನಾಟಿಕೊಂಡಿತ್ತು.

ನನ್ನ ಅಯಸ್ಕಾಂತ ಆ ಮನುಷ್ಯನ ಮುಖದ ಅರ್ಧದಷ್ಟಿತ್ತು. ಅವನು ಒಳ್ಳೆಯ ಕಣ್ಣಿನಿಂದ ಅದನ್ನು ನೋಡಿ, “ಇದನ್ನ ಒಳಕ್ಕೆ ಹಾಕ್ತೀರಾ?” ಎಂದ.

ಕಾಂಪೌಂಡರು ಒಂದು ದಪ್ಪ ಮೊಳೆಯನ್ನು ನೀರಲ್ಲಿ ಕುದಿಸಿ ತಂದರು. ಅದನ್ನು ಅಯಸ್ಕಾಂತದ ಒಂದು ಕಾಲಿಗೆ ಅಂಟಿಸಿದರೆ ಮೊಳೆಯ ತುದಿಗೂ ಶಕ್ತಿ ಬರುತ್ತದೆ, ಇದು ನನ್ನ ಪಾಠದಲ್ಲೇ ಇತ್ತು. ಅಯಸ್ಕಾಂತವನ್ನು ನಾನು ಎರಡು ಕೈಯಲ್ಲಿ ಹಿಡಿದೆ. ಅವರು ಒಂದು ಕೈಯಲ್ಲಿ ರೆಪ್ಪೆ ಹಿಡಿದು, ಇನ್ನೊಂದನ್ನು ನನ್ನ ಕೈಯ ಮೇಲಿಟ್ಟು, ಮೊಳೆಯ ತುದಿಯನ್ನು ಚೂರಿನ ಹತ್ತಿರಕ್ಕೆ ನಡೆಸಿದರು. ಚೂರು ಅಲುಗಿತು. ತುದಿಗೆ ಹತ್ತಿತು, ಆದರೆ ಕಣ್ಣನ್ನು ಬಿಡಲಿಲ್ಲ. ಕೂಡಲೇ ಕಾಂಪೌಂಡರು ನನ್ನ ಕೈಯನ್ನು ಪಕ್ಕಕ್ಕೆ ಒತ್ತಿದರು.

ಕಲ್ಲು ಕುಟ್ಟುವವನು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಏನು ಮಾಡ್ತಿದೀರಿ?” ಎಂದೆ.

“ಜರುಗಿಸ್ತಿದೀನ್ರಿ. ಎಳೀಬಾರದು ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು.”

“ಅದು ಕಬ್ಬಿಣಕ್ಕೆ,” ಎಂದೆ. ನನ್ನ ದನಿ ಇಡೀ ಆಸ್ಪತ್ರೆಗೆ ಕೇಳುವಷ್ಟು ದೊಡ್ಡದಾಗಿತ್ತು, ನನಗೇ ಆಶ್ಚರ್ಯವಾಯಿತು. “ಇದು ಕಣ್ಣು. ಪಕ್ಕಕ್ಕೆ ಜರುಗಿಸಿದ್ರೆ ಗುಡ್ಡೆ ಗೀರಿಹೋಗ್ತದೆ. ಕೈ ತೆಗೀರಿ. ಇಲ್ಲಿ ನೇರವಾಗೇ ಎಳೀಬೇಕು.”

ಅವರು ಕೈ ತೆಗೆದರು. ನಾನು ಉಸಿರು ಹಿಡಿದು, ಅಯಸ್ಕಾಂತವನ್ನು ನೆಟ್ಟಗೆ ನನ್ನ ಕಡೆಗೆ ತಂದುಕೊಂಡೆ. ಒಂದು ಕೂದಲಿನಷ್ಟು, ಮತ್ತೆ ಒಂದು ಕೂದಲಿನಷ್ಟು. ಏನೂ ಆಗಲಿಲ್ಲ ಅನ್ನಿಸಿತು. ಮೊಳೆಯ ತುದಿ ನೋಡಿದರೆ ಚೂರು ಅಲ್ಲಿತ್ತು. ಯಾವ ಸದ್ದೂ ಬರಲಿಲ್ಲ.

ಹೆಂಡತಿ ಚೂರನ್ನು ಇಸಕೊಂಡು, ಬೆರಳ ಮೇಲಿಟ್ಟು ನೋಡಿ, “ಇಷ್ಟಕ್ಕೆ ಇಷ್ಟು ಕೂಗಾಡಿದ್ಯಾ ನೀನು?” ಎಂದಳು ಗಂಡನಿಗೆ. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಮಾರನೆಯ ದಿನ ಡಾಕ್ಟರು ಬಂದು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ ಬೈದರು. ಕಣ್ಣು ಹೋಗಿದ್ದರೆ ಯಾರು ಹೊಣೆ, ಒಬ್ಬ ಕಾಂಪೌಂಡರು, ಒಬ್ಬರು ಅಕ್ಕೋರು, ಒಂದು ಮೊಳೆ, ಇದು ಆಸ್ಪತ್ರೆಯೋ ಕಮ್ಮಾರಸಾಲೆಯೋ ಎಂದು ಕೇಳಿದರು. ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ನಂತರ ಕಲ್ಲು ಕುಟ್ಟುವವನ ಕಣ್ಣು ನೋಡಿ, ಮದ್ದು ಹಾಕಿ ಕಟ್ಟಿ, “ಗೀರಿಲ್ಲ,” ಎಂದರು. ಕೈ ತೊಳೆದುಕೊಂಡು ಬಂದು, ಆ ಅಯಸ್ಕಾಂತ ಆಸ್ಪತ್ರೆಯಲ್ಲಿದ್ದರೆ ಒಳ್ಳೆಯದು ಎಂದರು. ಎರಡನ್ನೂ ತಂದು ಮೇಜಿನ ಮೇಲಿಟ್ಟೆ. ಇಡುವಷ್ಟರಲ್ಲಿ ಅವು ಒಂದಾದವು. ಡಾಕ್ಟರು ಬಿಡಿಸಲು ಹೋದರು. ಮೊದಲು ನೇರವಾಗಿಯೇ ಎಳೆದರು. ಎಲ್ಲರೂ ಹಾಗೆಯೇ. ಈ ಸಲ ನಾನು ಅವರು ಎರಡನೆಯ ಸಲ ಎಳೆಯುವ ಮುಂಚೆಯೇ ಹೇಳಿದೆ.

ಒಂದು ಆಸ್ಪತ್ರೆಯಲ್ಲಿ ಉಳಿಯಿತು, ಸೊರಗಿದ್ದು ಶಾಲೆಯಲ್ಲಿ. ಪಾಠಕ್ಕೆ ಎರಡೂ ಬೇಕಾದಾಗ ಕಾಂಪೌಂಡರು ಆಸ್ಪತ್ರೆಯದನ್ನು ತಂದುಕೊಡುತ್ತಿದ್ದರು. ಅಯಸ್ಕಾಂತದ ಪಾಠ ವರ್ಷಕ್ಕೆ ಒಂದು ವಾರದ್ದು. ಆ ವರ್ಷ ಅದು ಸುಮಾರು ನಾಲ್ಕು ತಿಂಗಳು ನಡೆಯಿತು. ಕೊನೆಗೆ ಕಾಂಪೌಂಡರ ಅಕ್ಕ ಬಸ್ಸು ಹತ್ತಿ ಚನ್ನಗಿರಿಗೆ ಹೋಗಿ ಅಣ್ಣನ ಷೆಡ್ಡಿನಲ್ಲಿ ಮಾತಾಡಿ ಬಂದರು. ಬೇಸಿಗೆಯಲ್ಲಿ ನಮ್ಮ ಮದುವೆಯಾಯಿತು.

ಕಲ್ಲು ಕುಟ್ಟುವವನ ಕಣ್ಣು ಪೂರ್ತಿ ವಾಸಿಯಾಯಿತು. ನಾವು ಮನೆ ಮಾಡಿದ ಮೇಲೆ ವರ್ಷಕ್ಕೊಮ್ಮೆ ತಾನಾಗಿಯೇ ಬಂದು, ನಮ್ಮ ಬೀಸುವ ಕಲ್ಲನ್ನು ಅಂಗಳಕ್ಕೆ ಎಳೆದುಕೊಂಡು ಕೂರುತ್ತಿದ್ದ. ಕಣ್ಣು ಹೆಂಗೈತೆ ಎಂದು ನನ್ನ ಯಜಮಾನರು ಕೇಳುತ್ತಿದ್ದರು.

“ಐತ್ರಿ. ಚೆನ್ನಾಗೇ ಕಾಣ್ತೈತೆ,” ಎನ್ನುತ್ತಿದ್ದ.

ಆದರೆ ಆ ಗಾಯದ ನಂತರ ಅವನು ಉಳಿಯ ಮೇಲೆ ಸುತ್ತಿಗೆ ಬೀಳುವ ಹೊತ್ತಿಗೆ ಎರಡೂ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದ. ಹಾಗಾಗಿ ನಮ್ಮ ಕಲ್ಲು ಒಂದು ಕಡೆ ಹೆಚ್ಚು ತರಕಲು, ಇನ್ನೊಂದು ಕಡೆ ಕಡಿಮೆ. ಬೀಸುವಾಗ ಅದು ಸ್ವಲ್ಪ ಕುಂಟುತ್ತಿತ್ತು. ಹಿಟ್ಟು ಮಾತ್ರ ಬರುತ್ತಿತ್ತು.